ಎಂಜಲಾಗದ ಪಂಪು

ನನಗೆ ಹೇಸಿಗೆ ಬೇಗ ಹತ್ತುತ್ತದೆ. ಬಸ್ಸಿನ ಕಿಟಕಿಯ ಕೆಳಗೆ ಒಣಗಿದ ಎಲೆ-ಅಡಿಕೆಯ ಉಗುಳು ಕಂಡರೆ ಎದ್ದು ಸೀಟು ಬದಲಿಸುವವಳು ನಾನು. ಸೀತೂರಿನ ಸೋದರಮಾವನ ಮನೆಯ ಜಗಲಿಯಲ್ಲಿ ಆ ದಿನ ಕಂಡದ್ದಕ್ಕೆ ಮಾತ್ರ ಬದಲಿಸಿ ಕೂರಲು ಬೇರೆ ಸೀಟಿರಲಿಲ್ಲ.

ಮಾವ ಮತ್ತು ಅವನ ತಂಡದವರು ರಸ್ತೆಗೆ ಅಡ್ಡ ಬಿದ್ದಿದ್ದ ಮರ ಕೊಯ್ದು ತೆಗೆದು ಬಂದು ಕೂತಿದ್ದರು. ತಂಡ ಎಂದರೆ ಸಂಬಳದ್ದಲ್ಲ, ಸಮವಸ್ತ್ರದ್ದೂ ಅಲ್ಲ. ಮಾವನಂಥ ತೋಟದ ಕೆಲಸದವರು, ಮಿಷನ್ನಿನಲ್ಲಿ ಮರ ಕೊಯ್ಯುವ ಅವನ ಜೀವದ ಗೆಳೆಯನೊಬ್ಬ, ಬಸ್ಸಿನ ಕಂಡಕ್ಟರೊಬ್ಬ. ಗುಡ್ಡ ಜರಿದರೆ, ಹೊಳೆಯಲ್ಲಿ ಯಾರಾದರೂ ಮುಳುಗಿದರೆ, ಎಲ್ಲಿಯಾದರೂ ಬೆಂಕಿ ಬಿದ್ದರೆ ನರಸಿಂಹರಾಜಪುರದ ಸುತ್ತಿನವರು ಮೊದಲು ಫೋನ್ ಮಾಡುವುದು ಇವರಿಗೆ.

ಅತ್ತೆ ತಂದಿಟ್ಟ ಚಹಾ ಮುಗಿದ ಮೇಲೆ ಮಾವನ ಸೊಂಟದಿಂದ ಎಲೆ ಸಂಚಿ ಹೊರಬಂತು. ವೀಳ್ಯದೆಲೆ, ಅಡಿಕೆ, ಸುಣ್ಣ, ಹೊಗೆಸೊಪ್ಪು ಒಂದು ಸುತ್ತು ಹೋದವು. ಆಮೇಲೆ ಅದೇ ಸಂಚಿಯಿಂದ ನೀಲಿ ಬಣ್ಣದ ಪಂಪೊಂದು ಹೊರಬಿತ್ತು. ದಮ್ಮಿನವರು ಉಸಿರಿಗೆ ಎಳೆದುಕೊಳ್ಳುತ್ತಾರಲ್ಲ, ಅದು. ಸುಣ್ಣದ ಬೆರಳಚ್ಚು, ಹೊಗೆಸೊಪ್ಪಿನ ಪುಡಿ, ಯಾವಾಗಿನದೋ ಕೆಂಪು ಕಲೆ, ಎಲ್ಲ ಅದರ ಮೈಮೇಲಿತ್ತು. ಮಾವ ತಲೆ ಹಿಂದಕ್ಕೆ ಚೆಲ್ಲಿ, ಬಾಯಿ ತೆರೆದು, ಪಂಪನ್ನು ಬಾಯಿಂದ ಒಂದು ಗೇಣು ಮೇಲಕ್ಕೆ ಹಿಡಿದು ಒತ್ತಿದ. ಬಿಳಿ ಆವಿ ಪುಸ್ಸೆಂದು ಹೊರಟು ಅರ್ಧ ಮೀಸೆಗೆ, ಉಳಿದದ್ದು ಗಾಳಿಗೆ ಹೋಯಿತು. ನಾಲಿಗೆಗೆ ಬಿದ್ದದ್ದನ್ನು ಮಾವ ಗುಟುಕರಿಸಿ ನುಂಗಿ ಪಂಪನ್ನು ಪಕ್ಕದವನಿಗೆ ಕೊಟ್ಟ. ಅವನೂ ಹಾಗೇ ಮಾಡಿದ. ಅವನ ಪಕ್ಕದವನೂ.

"ಎಂತ ಮಾವ ಇದು?"

"ದಮ್ಮಿನ ಪಂಪು. ಕಂಡಿಲ್ವನೆ?"

"ಪಂಪು ಕಂಡಿದೀನಿ. ಮದುವೆ ಮನೇಲಿ ಪನ್ನೀರು ಹಾಕಿದ ಹಾಗೆ ಹಾಕ್ಕಳದು ಕಂಡಿರ್ಲಿಲ್ಲ. ಬಾಯೊಳಗೆ ಇಟ್ಟು ಎಳೀಬೇಕಲ್ವಾ?"

ಎಲ್ಲರೂ ನನ್ನನ್ನು ನೋಡಿದ ರೀತಿಗೆ ನಾನೇ ಏನೋ ಹೊಲಸು ಮಾತಾಡಿದ್ದೇನೆ ಅನ್ನಿಸಬೇಕು. ಮಿಷನ್ನಿನ ಗೆಳೆಯ ಹೇಳಿದ: "ಬಾಯಿಗಿಟ್ರೆ ಎಂಜ್ಲಾಗ್ತದಲೆ ಮಾರಾಯ್ತಿ! ನಾಕು ಜನ ಬಳಸೋ ಸಾಮಾನು. ಕಾಲೇಜಲ್ಲಿ ಇದನ್ನ ಕಲಿಸಲ್ವಾ?"

ಅರ್ಥವಾಯಿತು. ಚೊಂಬಿನ ನೀರನ್ನು ತುಟಿಗೆ ತಾಗಿಸದೆ ಎತ್ತಿ ಕುಡಿಯುತ್ತಾರಲ್ಲ, ಇವರು ಔಷಧಿಯನ್ನೂ ಹಾಗೆ ಎತ್ತಿ ಕುಡಿಯುತ್ತಿದ್ದರು. ಮರ್ಯಾದಸ್ಥರು. ಒಬ್ಬರ ಎಂಜಲು ಇನ್ನೊಬ್ಬರಿಗೆ ಆಗಬಾರದು. ಶ್ವಾಸಕ್ಕೆ ಹೋಗಬೇಕಾದದ್ದು ಹೊಟ್ಟೆಗೆ ಹೋದರೆ ಅಡ್ಡಿಯಿಲ್ಲ.

"ಹಿಂಗೆ ಹೊಡೆದ್ರೆ ಹಿಡೀತದಾ?" ಎಂದೆ.

"ಎಲ್ಲಿ ಹಿಡೀತದೆ? ಕಂಪನಿ ಮಾಲೇ ಈಗ ಸರಿ ಬರ್ತಿಲ್ಲ" ಎಂದ ಮಾವ. ಅಷ್ಟು ಹೇಳುವುದಕ್ಕೆ ನಡುವೆ ಒಂದು ಸಲ ಉಸಿರು ತೆಗೆದುಕೊಂಡ.

ಇವರ ದಮ್ಮಿನ ಮೂಲ ಒಂದೇ. ನಾನು ಪಿಯುಸಿಯಲ್ಲಿದ್ದಾಗ ಎಸ್ಟೇಟೊಂದರಲ್ಲಿ ರಬ್ಬರ್ ಶೀಟುಗಳನ್ನು ಹೊಗೆಗೆ ಒಣಗಿಸುವ ಕಟ್ಟಡಕ್ಕೆ ಬೆಂಕಿ ಬಿತ್ತು. ಕಟ್ಟಡದ ಬೆನ್ನಿಗೇ ಹೊರಗಿನಿಂದ ಬಂದ ಕೆಲಸದವರ ಕೋಣೆಗಳು. ಅಗ್ನಿಶಾಮಕದ ಗಾಡಿ ದಾರಿಯಲ್ಲಿರುವಾಗಲೇ ಮಾವನ ತಂಡ ಒದ್ದೆ ಟವೆಲು ಮುಖಕ್ಕೆ ಸುತ್ತಿಕೊಂಡು ಒಳಗೆ ನುಗ್ಗಿ, ಹೊರಗೆ ಬಂದು, ಮತ್ತೆ ನುಗ್ಗಿ ಎಲ್ಲರನ್ನೂ ಹೊತ್ತು ತಂದಿತು. ಒಬ್ಬರೂ ಸಾಯಲಿಲ್ಲ. ಇದು ದೊಡ್ಡ ಕೆಲಸ. ಇದರ ಬಗ್ಗೆ ನನ್ನ ತಕರಾರಿಲ್ಲ, ಯಾರಿಗೂ ಇರಬಾರದು.

ತಕರಾರಿರುವುದು ಆಮೇಲಿನದರ ಬಗ್ಗೆ. ಮಾವ ವಾರಗಟ್ಟಲೆ ಕರಿ ಕಫ ಉಗುಳಿದ. ಹಳೆ ಚಪ್ಪಲಿ ಒಲೆಗೆ ಹಾಕಿದಂಥ ವಾಸನೆ ಅವನ ಬೆವರಿನಿಂದ ಹೋಗಲೇ ಇಲ್ಲ ಎಂದು ಅತ್ತೆ ಇವತ್ತಿಗೂ ಹೇಳುತ್ತಾಳೆ. ಊರಿಗೆ ಬಂದ ಡಾಕ್ಟರೊಬ್ಬರು ಕ್ಯಾಂಪು ಮಾಡಿ ಎಲ್ಲರಿಗೂ ಎರಡೆರಡು ಪಂಪು ಕೊಟ್ಟರು. ಕಂದು ಬಣ್ಣದ್ದು ದಿನಾ ಎಳೆಯುವುದಕ್ಕೆ, ನೀಲಿಯದು ಉಸಿರು ಕಟ್ಟಿದಾಗಿನ ಆಪತ್ತಿಗೆ. ನೀಲಿ ಹೊಡೆದರೆ ಎದೆ ಬಿಟ್ಟುಕೊಳ್ಳುತ್ತದೆ, ಕಂದು ಹೊಡೆದರೆ ಏನೂ ಗೊತ್ತಾಗುವುದಿಲ್ಲ. ಹಾಗಾಗಿ ಕಂದು ಸುಳ್ಳು ಔಷಧಿ, ನೀಲಿ ನಿಜವಾದದ್ದು ಎಂದು ತಂಡದಲ್ಲಿ ತೀರ್ಮಾನವಾಯಿತು. ಮಾವನ ಕಂದು ಪಂಪು ಪಕ್ಕದ ಮನೆಯ ಮಕ್ಕಳ ಪಿಸ್ತೂಲಾಯಿತು. ನೀಲಿ ಪಂಪುಗಳು ಒಂದೊಂದಾಗಿ ಖಾಲಿಯಾಗಿ ಕೊನೆಗೆ ಯಾರಾದರೊಬ್ಬರು ತಂದದ್ದು ಎಲ್ಲರದ್ದೂ ಆಯಿತು. ಅದು ಸಂಚಿಯೊಳಗೆ ಸೇರಿದ ಮೇಲೆ ಸಂಚಿಯ ಕಾನೂನು ಅದಕ್ಕೂ ಬಂತು. ಎಲೆ ಕೇಳಿದವನಿಗೆ ಇಲ್ಲ ಎನ್ನುವವನು ಮನುಷ್ಯನೇ ಅಲ್ಲ.

ಅವತ್ತು ಬಸ್ಸಿನ ಕೆಲಸಕ್ಕೆ ಹೋಗಿದ್ದ ಕಂಡಕ್ಟರ್ ಮಾತ್ರ ಇದರಲ್ಲಿ ಇಲ್ಲ. ಅವನೂ ಅದೇ ಹೊಗೆಯೊಳಗೆ ಹೋದವನೇ. ಅವನ ಅಕ್ಕ ಶಿವಮೊಗ್ಗದಲ್ಲಿ ನರ್ಸು. ಆ ವಾರವೇ ತಮ್ಮನನ್ನು ಎಳೆದುಕೊಂಡು ಹೋಗಿ ತೋರಿಸಿ, ಕಂದು ಪಂಪು ತಪ್ಪಿಸಿದರೆ ಮನೆಗೇ ಬರಬೇಡ ಎಂದು ಗದರಿ, ಬೀಡಿಯನ್ನೂ ಬಿಡಿಸಿದಳು. ಈಗ ಅವನು ರಜದ ದಿನ ಜಯಪುರದಲ್ಲಿ ವಾಲಿಬಾಲ್ ಆಡುತ್ತಾನೆ. ಒಂದೇ ಹೊಗೆ ಕುಡಿದ ಇಬ್ಬರಲ್ಲಿ ಒಬ್ಬ ನೆಟ್ಟಿನ ಮೇಲೆ ಹಾರುತ್ತಾನೆ, ಇನ್ನೊಬ್ಬ ಬಚ್ಚಲಿಗೆ ಹೋಗಿ ಬಂದರೆ ಏದುಸಿರು ಬಿಡುತ್ತಾನೆ. ಇದಕ್ಕೆ ಕಾರಣ ಏನು ಎಂದು ಜಗಲಿಯಲ್ಲಿ ಕೇಳಿದೆ.

"ಅವ್ನದು ಕಂಡಕ್ಟರ್ ಶ್ವಾಸ" ಎಂದ ಮಿಷನ್ನಿನವ. "ಕೊಪ್ಪಾ ಕೊಪ್ಪಾ ಜಯಪುರಾ ಶೃಂಗೇರಿ ಅಂತ ಜನ್ಮೆಲ್ಲ ಕೂಗಿದವ. ಗಟ್ಟಿ ಆಗ್ದೆ ಎಂತ ಆಗ್ತದೆ?"

ಎಲ್ಲರೂ ನಕ್ಕರು. ಮಾವ ನಗಲು ಹೋಗಿ ಕೆಮ್ಮಿದ. ಕೆಮ್ಮು ನಿಲ್ಲಲಿಲ್ಲ. ಅಂಗಳದ ಅಂಚಿಗೆ ಹೋಗಿ ಬಗ್ಗಿ ನಿಂತು ಉಗುಳಿದ. ಎಳೆ ಎಳೆಯಾಗಿ ಇಳಿದ ಕಫ ದಾಸವಾಳದ ಎಲೆಗೆ ಅಂಟಿ ತೂಗುತ್ತಿತ್ತು. ನಾನು ಆ ಕಡೆ ನೋಡುವುದನ್ನು ಬಿಡಬಹುದಿತ್ತು. ಬಿಡಲಿಲ್ಲ.

ಕಾಲೇಜಿನಲ್ಲಿ ನಾನು ಚರ್ಚಾಸ್ಪರ್ಧೆಯವಳು. ಎದುರಾಳಿಯ ಮಾತಿನಲ್ಲಿ ಎಲ್ಲಿ ಬಿರುಕಿದೆ ಎಂದು ಹುಡುಕುವುದು ಅಭ್ಯಾಸವಾಗಿಬಿಟ್ಟಿದೆ. ಮಾವನ ಕಾಯಿಲೆಯ ಸುತ್ತ ಬಿರುಕಿಲ್ಲದ ಮಾತೇ ಸಿಗಲಿಲ್ಲ. ಅವನು ಕೊನೆಗಾರ, ಅಡಿಕೆ ಮರ ಹತ್ತಿ ಗೊನೆ ಇಳಿಸುವವನು. ಒಂದು ದಿನ ಅರ್ಧ ಮರದಲ್ಲಿ ಉಸಿರು ಸಿಕ್ಕಿಕೊಂಡು ಮರವನ್ನು ತಬ್ಬಿಕೊಂಡೇ ನಿಂತುಬಿಟ್ಟ. ಮೆಲ್ಲನೆ ಇಳಿದವನು ಮತ್ತೆ ಹತ್ತಲಿಲ್ಲ. ಕೊಪ್ಪದ ಹತ್ತಿರದ ನಾರ್ವೆ ಊರಿನ ತೋಟದ ಯಜಮಾನರು ಕನಿಕರಪಟ್ಟು ಕೂತು ಮಾಡುವ ಕೆಲಸ ಕೊಟ್ಟರು. ಏನದು ಎಂದು ನೋಡಲು ಹೋದೆ. ಅಡಿಕೆ ಬೇಯಿಸುವ ಒಲೆಗೆ ಬೆಂಕಿ ಹಾಕುವ ಕೆಲಸ!

ಹಂಡೆಯಲ್ಲಿ ಅಡಿಕೆ ಕುದಿದು ಕೆಂಪು ನೊರೆ ಉಕ್ಕುತ್ತಿತ್ತು. ಹಸಿ ಕಟ್ಟಿಗೆ ಹತ್ತಿಕೊಳ್ಳಲಿ ಎಂದು ಮಾವ ಟಯರಿನ ತುಂಡೊಂದನ್ನು ಒಲೆಯೊಳಗೆ ತಳ್ಳಿದ. ಕರೀ ಹೊಗೆ ಸುರುಳಿ ಸುತ್ತಿ ಅವನ ಮುಖಕ್ಕೇ ಬಂತು. ಅತ್ತೆ ಹೇಳುವ ಅದೇ ಚಪ್ಪಲಿ ಸುಟ್ಟ ವಾಸನೆ.

"ಅಯ್ಯೋ, ಮರ ಹತ್ತಕ್ಕೆ ಆಗಲ್ಲ ಅಂದ, ಕೂತ್ಕಂಡು ಮಾಡ್ಲಿ ಅಂತ ಕೊಟ್ಟಿದೀನಮ್ಮ" ಎಂದರು ಯಜಮಾನರು, ನಾನು ಹೊಗಳುತ್ತೇನೆ ಎಂದು ಕಾಯುವವರಂತೆ.

"ಅವ್ರಿಗೆ ಹೊಗೇನೇ ಆಗಿ ಬರಲ್ವಲ್ಲ."

"ಹೊಗೆ ಎಂತ ಅವನಿಗೆ ಹೊಸತಾ? ಬೆಂಕಿ ಗೆದ್ದು ಬಂದವ!"

ಒಂದು ಸಲ ಹೊಗೆಯೊಳಗೆ ಹೋಗಿ ಬಂದವನಿಗೆ ಹೊಗೆ ಏನೂ ಮಾಡುವುದಿಲ್ಲ ಎಂದು ಈ ಮೂರು ತಾಲ್ಲೂಕಿನಲ್ಲಿ ಎಲ್ಲರೂ ನಂಬಿದ್ದಾರೆ. ಹಾವು ಕಚ್ಚಿ ಬದುಕಿದವನಿಗೆ ಇವರು ಹಾವು ಸಾಕಲು ಕೊಡುತ್ತಾರೇನೋ.

ಮಾವನನ್ನು ಕೊಪ್ಪದ ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋಗುವುದಕ್ಕೆ ನನ್ನ ವಾದ ಸಾಕಾಗಲಿಲ್ಲ. ಅತ್ತೆ ಬೇಕಾಯಿತು. "ಹೋಗಿ ಬನ್ನಿ. ಇಲ್ದಿದ್ರೆ ನಾನು ತವರಿಗೆ ಹೋಗ್ತೀನಿ, ಅಲ್ಲಾದ್ರೂ ನಿದ್ದೆ ಬತ್ತದೆ. ನಿಮ್ಮ ಎದೆ ರಾತ್ರಿಯೆಲ್ಲ ಬೆಕ್ಕಿನ ಮರಿ ಹಾಗೆ ಕೂಗ್ತದೆ" ಎಂದಳು. ಅಷ್ಟಕ್ಕೆ ಅವನು ಅಂಗಿ ಹಾಕಿಕೊಂಡ.

ಡಾಕ್ಟರಮ್ಮ ಮೊದಲು ಹೇಳಿದ್ದೇ, "ಪಂಪು ಹೇಗೆ ತಗೊಳ್ತೀರಿ, ತೋರಿಸಿ."

ಮಾವ ಶ್ರದ್ಧೆಯಿಂದ ತಲೆ ಹಿಂದಕ್ಕೆ ಚೆಲ್ಲಿದ, ಬಾಯಿ ತೆರೆದ, ಪಂಪು ಎತ್ತಿ ಹಿಡಿದು ಒತ್ತಿದ. ಬೆಂಕಿಯ ಕಥೆಯನ್ನು ನಾನು ಹೇಳಿದ ಮೇಲೆ ಡಾಕ್ಟರಮ್ಮ ಕೇಳಿದರು:

"ಬೆಂಕಿ ಬಿದ್ದಾಗಿಂದ ಹೀಗೇನಾ?"

"ಹೌದು. ಕೆಳಗೆ ಬೀಳಿಸಲ್ಲ ಡಾಕ್ಟ್ರೇ, ನುಂಗಿಬಿಡ್ತೀನಿ."

"ಅಂದ್ರೆ ಇಷ್ಟು ವರ್ಷ ನಿಮ್ಮ ಹೊಟ್ಟೆಗೆ ದಮ್ಮು ಬಂದಿಲ್ಲ" ಎಂದರು. ಆಮೇಲೆ ನಗಲಿಲ್ಲ. ಪ್ರಶ್ನೆಗಳು ಶುರುವಾದವು. ಬೀಡಿ? ಬಿಟ್ಟಿದೀನಿ, ಮರ ಕೊಯ್ಯಕ್ಕೆ ಹೋದಾಗ ಮಾತ್ರ. ಮನೆಯಲ್ಲಿ ಒಲೆ ಎಲ್ಲಿ? ಮಲಗುವ ಕೋಣೆ ಪಕ್ಕ. ತೋಟಕ್ಕೆ ಔಷಧಿ ಹೊಡೆಯುತ್ತೀರಾ? ಕರೆದರೆ ಹೋಗುತ್ತೇನೆ. ಹುಳಿತೇಗು ಬರುತ್ತದಾ? ಮಾವ ನನ್ನ ಮುಖ ನೋಡಿದ. ಬರುತ್ತದೆ, ಅದಕ್ಕೂ ದಮ್ಮಿಗೂ ಎಂತ ಸಂಬಂಧ? ಹೊಟ್ಟೆಯ ಹುಳಿ ಮೇಲೆ ಬಂದು ಗಂಟಲು ಕೆರಳಿಸಿದರೆ ದಮ್ಮು ಜಾಸ್ತಿಯಾಗಬಹುದು. ನಿದ್ದೆ?

ಮಾವ ತಡೆದು ಹೇಳಿದ: "ನಿದ್ದೆ ಬತ್ತದೆ. ಆ ರಬ್ಬರ್ ವಾಸನೆನೂ ಬತ್ತದೆ. ಎದ್ದು ಕೂತು ಮನೆಯೆಲ್ಲ ಮೂಸ್ತೀನಿ. ಎಲ್ಲೂ ಬೆಂಕಿ ಇರಲ್ಲ. ಎದೆ ಮಾತ್ರ ಕಟ್ಟಿರ್ತದೆ."

ಇದನ್ನು ಅವನು ಅತ್ತೆಗೂ ಹೇಳಿರಲಿಲ್ಲ. ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. ಅದೂ ಆ ಬೆಂಕಿಯದೇ ಗಾಯ, ಅದಕ್ಕೂ ಮಾತಾಡಬೇಕು, ಮನಸ್ಸು ಹೆದರಿದಾಗ ಶ್ವಾಸನಾಳವೂ ಬಿಗಿಯುತ್ತದೆ ಎಂದರು. ಆಮೇಲೆ ಎದ್ದು ಬಂದು ಅವನ ಕೈಗೆ ಹೊಸ ಪಂಪು ಕೊಟ್ಟು, ತುಟಿ ಬಿಗಿಯಾಗಿ ಮುಚ್ಚಿಸಿ, ಒತ್ತುತ್ತಾ ನಿಧಾನ ಎಳೆದುಕೊಂಡು ಉಸಿರು ಹಿಡಿಯುವುದನ್ನು ಕಲಿಸಿದರು. ಕಂದು ಪಂಪು ಹುಷಾರಿದ್ದಾಗಲೂ ದಿನಾ ಎಳೆಯಬೇಕು, ಎಳೆದ ಮೇಲೆ ಬಾಯಿ ಮುಕ್ಕಳಿಸಬೇಕು. ನೀಲಿಯದು ಜೇಬಿನಲ್ಲಿರಬೇಕು. "ಹೋದ ಶ್ವಾಸ ಎಲ್ಲ ವಾಪಸ್ ಬರುತ್ತೆ ಅಂತ ಹೇಳಲ್ಲ, ತಡ ಆಗಿದೆ. ಇರೋದನ್ನ ಉಳಿಸಿಕೊಳ್ಳಬಹುದು. ಇನ್ನೊಂದು ಸಲ ಅಂಥ ಹೊಗೆ ಕುಡಿದ್ರೆ ಅದೂ ನನ್ನ ಕೈಲಿಲ್ಲ."

ಬಸ್ಸಿನಲ್ಲಿ ಮಾವ ಮೂರು ಊರು ದಾಟುವವರೆಗೆ ಹೊಸ ಪಂಪನ್ನು ಕೈಯಲ್ಲಿ ತಿರುಗಿಸಿ ನೋಡುತ್ತಿದ್ದ. ಆಮೇಲೆ ಕೇಳಿದ: "ಬಾಯಿಗೆ ಇಟ್ಕಂಡ್ರೆ, ಆಮೇಲೆ ಅವ್ರು ಕೇಳಿದ್ರೆ ಹೆಂಗೆ ಕೊಡದು?"

"ಕೊಡ್ಬೇಡ."

"ಹೆಂಗೆ ಕೊಡ್ದೇ ಇರದು?" ಎಂದ. ಚರ್ಚೆಯಲ್ಲಾಗಿದ್ದರೆ ಇದಕ್ಕೆ ನನ್ನಲ್ಲಿ ಉತ್ತರವಿತ್ತು.

ಮನೆಯಲ್ಲಿ ಅವನು ಕಂದು ಪಂಪನ್ನು ಸರಿಯಾಗಿಯೇ ಎಳೆಯತೊಡಗಿದ. ನಾರ್ವೆಯ ಒಲೆಯನ್ನು ಅತ್ತೆಯೇ ಬಿಡಿಸಿದಳು. ನೀಲಿಯದು ಮಾತ್ರ ಮತ್ತೆ ಸಂಚಿಗೆ ಹೋಯಿತು. ತಂಡದ ನಡುವೆ ಕೂತಾಗ ತಲೆ ತಾನಾಗಿ ಹಿಂದಕ್ಕೆ ವಾಲುತ್ತಿತ್ತು, ಪಂಪು ಮೇಲೇರುತ್ತಿತ್ತು.

ಹೀಗಿರುವಾಗ ಸನ್ಮಾನ ಬಂತು. ಯಾವುದೋ ಸಂಘದವರು ಶೃಂಗೇರಿಯ ಮೈದಾನವೊಂದರಲ್ಲಿ ಜೀವರಕ್ಷಕರಿಗೆ ಶಾಲು ಹೊದಿಸುತ್ತಾರಂತೆ. ಬಾಡಿಗೆ ಜೀಪು ಮಾಡಿಕೊಂಡು ಹೋದೆವು. ಪೆಂಡಾಲು, ಕಿವಿ ಕಿತ್ತುಹೋಗುವ ಮೈಕು, ಬಣ್ಣದ ಕಾಗದ ಹಾರಿಸುವ ಪಟಾಕಿ. ಮಾವನ ಹೆಗಲಿಗೆ ಮಿಂಚುವ ಶಾಲು, ಕೊರಳಿಗೆ ಏಲಕ್ಕಿ ಹಾರ, ತಲೆಗೆ ಅಳತೆಗೆ ಹೊಂದದ ಪೇಟ. "ಹೊಗೆಯನ್ನೇ ನುಂಗಿದ ನೀಲಕಂಠರು!" ಎಂದು ಭಾಷಣಕಾರರು ಕೂಗಿದರು. ಜನ ಚಪ್ಪಾಳೆ ತಟ್ಟಿದರು. ನೀಲಕಂಠನಿಗೆ ವಿಷ ಗಂಟಲಲ್ಲಿ ನಿಂತಿತು. ಇವರಿಗೆ ಅದು ಅಲ್ಲಿ ನಿಲ್ಲದೆ ಶ್ವಾಸಕೋಶಕ್ಕೆ ಇಳಿದಿದೆ ಎಂದು ಹೇಳಲು ಆ ವೇದಿಕೆಯಲ್ಲಿ ಎದುರು ಪಕ್ಷಕ್ಕೆ ಮೈಕಿರಲಿಲ್ಲ.

ಶಾಲು ಮುಗಿಯಿತು, ಹೊರಡಬಹುದು ಎಂದುಕೊಂಡೆ. ಆಗ ಮೈಕಿನಲ್ಲಿ ಬಂತು: "ಈಗ ನಮ್ಮ ವೀರರಿಂದ ಪ್ರಾತ್ಯಕ್ಷಿಕೆ!"

ಮೈದಾನದ ಆ ತುದಿಯಲ್ಲಿ ತಗಡಿನ ಶೆಡ್ಡೊಂದು ಕಟ್ಟಿದ್ದರು. ಒಳಗೆ ಒದ್ದೆ ಹುಲ್ಲು, ಅದರ ಮೇಲೆ ಹಳೆಯ ಟಯರುಗಳು. ಅದಕ್ಕೆ ಬೆಂಕಿ ಕೊಡುವುದು, ಒಳಗಿಟ್ಟ ಗೋಣಿಯ ಬೊಂಬೆಯನ್ನು ತಂಡದವರು ಹೊತ್ತು ತರುವುದು, ಮುಖ್ಯ ಅತಿಥಿಗಳು ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಳ್ಳುವುದು. ಮಾವ ಇದಕ್ಕೆ ಮೊದಲೇ ಒಪ್ಪಿದ್ದ. ಕೇಳಿದರಲ್ಲ, ಇಲ್ಲ ಎನ್ನುವುದು ಹೇಗೆ.

ಸಂಘದವರೊಬ್ಬರನ್ನು ಹಿಡಿದೆ. ಅಂಗಿಗೆ ಬ್ಯಾಡ್ಜು, ಕೆನ್ನೆಯಲ್ಲಿ ಸನ್ಮಾನದ ಲಾಡು.

"ಸರ್, ಟಯರ್ ಸುಡಬೇಡಿ. ಇವ್ರಿಗೆ ದಮ್ಮಿದೆ. ಆ ಬೆಂಕಿಯಿಂದಾನೇ ಬಂದದ್ದು."

"ಒಂದೇ ನಿಮಿಷ ಅಲ್ವೇನಮ್ಮ? ಒಳಗೆ ಹೋಗೋದು, ಬರೋದು."

"ಹಾಗಾದ್ರೆ ನೀವೇ ಹೋಗಿ ಬನ್ನಿ, ಒಂದೇ ನಿಮಿಷ."

ಲಾಡು ನುಂಗಿದರು. "ನಮಗೆ ಅಭ್ಯಾಸ ಇಲ್ವಲ್ಲ. ಅವ್ರಿಗಿದೆ. ನೀವು ನೆಗೆಟಿವ್ ಮಾತಾಡ್ಬೇಡಿ, ಶುಭ ಕಾರ್ಯ."

ಅವರ ಹಿಂದೆ ಬೆಂಕಿ ಕೊಟ್ಟಾಗಿತ್ತು. ಹೊಗೆ ಮೊದಲು ಬಿಳಿ, ಆಮೇಲೆ ಬೂದಿ, ಆಮೇಲೆ ನಾರ್ವೆಯ ಒಲೆಯ ಆ ಕರಿ ಬಣ್ಣ. ವಾಸನೆ ತಲುಪಿದ್ದು ಮಾವನ ಮುಖದಲ್ಲಿ ಗೊತ್ತಾಯಿತು. ಅವನ ಕೈ ಶಾಲಿನ ಅಂಚನ್ನು ಹಿಂಡುತ್ತಿತ್ತು. ಎದೆಗೂಡು ಮೇಲೆ ಕೆಳಗೆ ಹಾರುತ್ತಿತ್ತು. ನಾನು ಓಡಿ ಪಕ್ಕಕ್ಕೆ ಹೋದೆ. ಹೇಳಬೇಕಾದದ್ದನ್ನೆಲ್ಲ ಮೊದಲೇ ಹೇಳಿಯಾಗಿತ್ತು. "ಮಾವ" ಎಂದಷ್ಟೇ ಹೇಳಿದೆ.

ಮಿಷನ್ನಿನ ಗೆಳೆಯ ಪೇಟ ತೆಗೆದು ಟವೆಲು ಸುತ್ತಿಕೊಳ್ಳುತ್ತಿದ್ದ. ಅವನಿಗೂ ಕೆಮ್ಮು ಶುರುವಾಗಿತ್ತು. ಎಂದಿನ ಹಾಗೆ ಕೈ ಚಾಚಿದ: "ಒಳಗೆ ಹೋಗಕ್ಕೆ ಮುಂಚೆ ಒಂದು ಹೊಡ್ಕಳನ, ತಗಿ ಪಂಪು."

ಮಾವ ಸಂಚಿಗೆ ಕೈ ಹಾಕಿದ. ಪಂಪು ತೆಗೆದ. ಗೆಳೆಯನ ಚಾಚಿದ ಕೈ ನೋಡಿದ, ಹೊಗೆ ನೋಡಿದ. ಆಮೇಲೆ ಪಂಪನ್ನು ತನ್ನ ಬಾಯೊಳಗೆ ಇಟ್ಟು, ತುಟಿ ಬಿಗಿಯಾಗಿ ಮುಚ್ಚಿ, ಒತ್ತಿ ಎಳೆದ. ಕಣ್ಣು ಮುಚ್ಚಿ ಉಸಿರು ಹಿಡಿದ. ಬಿಟ್ಟ. ಇನ್ನೊಂದು ಸಲ ಎಳೆದ. ಎಲೆ-ಅಡಿಕೆಯ ಕೆಂಪು ರಸ, ಎಂಜಲು, ಎಲ್ಲ ಪಂಪಿನ ಬಾಯಿಗೆ ಮೆತ್ತಿಕೊಂಡು ಹೊಳೆಯುತ್ತಿತ್ತು. ಹೇಸಿಗೆಯಾಗಬೇಕಾದ ದೃಶ್ಯ. ನಾನು ಕಣ್ಣು ಕೀಳಲಿಲ್ಲ.

ಗೆಳೆಯನ ಕೈ ಗಾಳಿಯಲ್ಲೇ ಉಳಿಯಿತು. "ಥೂ! ಎಂತ ಮಾಡ್ದೆ ಮಾರಾಯ?"

"ಎಂಜ್ಲು ಮಾಡ್ದೆ" ಎಂದ ಮಾವ. "ಇನ್ನು ಇದು ನಂದು. ನೀನು ಬೇರೆ ತಗ."

"ಇವತ್ತಿಗೆ ಎಂತ ಮಾಡದು ನಾನು?"

"ಒಳಗೆ ಹೋಗ್ಬೇಡ. ನಾನೂ ಹೋಗಲ್ಲ. ಒಳಗಿರದು ಗೋಣಿಚೀಲ ಮಾರಾಯ. ಉರ್ಕಳ್ಲಿ."

ಮೈಕಿನಲ್ಲಿ ವೀರರನ್ನು ಕರೆದರು, ಮತ್ತೆ ಕರೆದರು. ತಂಡದವರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಬೆಂಚಿನ ಮೇಲೆ ಕೂತರು. ಅಷ್ಟರಲ್ಲಿ ಗಾಳಿ ತಿರುಗಿ ಕರಿ ಹೊಗೆ ಪೆಂಡಾಲಿನೊಳಕ್ಕೇ ಬಂತು. ಒಂದೇ ನಿಮಿಷ ಎಂದವರು ಕರವಸ್ತ್ರ ಮೂಗಿಗೆ ಹಿಡಿದು ಕಾರಿನ ಕಡೆ ಓಡಿದರು. ಭಾಷಣಕಾರರು ಮೈಕು ಬಿಟ್ಟು ಕೆಮ್ಮುತ್ತಿದ್ದರು, ಮೈಕು ಅದನ್ನೂ ಊರಿಗೆಲ್ಲ ಕೇಳಿಸಿತು.

ಮಾವನನ್ನೂ ಅವನ ಗೆಳೆಯನನ್ನೂ ಎಳೆದುಕೊಂಡು ಗಾಳಿಗೆ ಎದುರಾಗಿ, ಹೊಗೆ ಬಾರದ ಕಡೆಗೆ ನಡೆಸಿದೆ. ರಸ್ತೆ ದಾಟಿ ಔಷಧಿ ಅಂಗಡಿಗೆ ಹೋದೆವು. ಗೆಳೆಯ ದಾರಿಯುದ್ದಕ್ಕೂ ಬೈಯುತ್ತಿದ್ದ. ಎಲೆ ಕೇಳಿದರೆ ನಾಳೆ ಅದನ್ನೂ ಎಂಜಲು ಮಾಡುತ್ತೀಯಾ, ಹಂದಿ, ಇಷ್ಟು ವರ್ಷದ ಸ್ನೇಹಕ್ಕೆ ಇದಾ. ಅಂಗಡಿಯವನು ಹೊಸ ಪಂಪು ಕೊಟ್ಟ ಕೂಡಲೇ ಅಭ್ಯಾಸದಂತೆ ತಲೆ ಹಿಂದಕ್ಕೆ ಚೆಲ್ಲಿದ.

ಮಾವ ಅವನ ತಲೆಯ ಹಿಂದೆ ಒಂದು ಬಿಟ್ಟ. "ತುಟಿ ಮುಚ್ಚ, ಬೇವರ್ಸಿ. ಒಳಗೆ ಇಡು. ನಿಂದೇ ಎಂಜ್ಲು, ನಿಂಗೇ."

ನಂತರ ಹೆಗಲ ಮೇಲಿನ ಶಾಲಿನ ಜರಿಯ ಅಂಚಿನಿಂದ ತನ್ನ ಪಂಪಿನ ಬಾಯಿ ಒರೆಸಿದ. ಜರಿ ಗೀರುತ್ತದೆ ಎಂದು ತಿಳಿದು, ಮೆತ್ತಗಿದ್ದ ನಡುಭಾಗ ಹುಡುಕಿ ಮತ್ತೊಮ್ಮೆ ಒರೆಸಿ, ಸಂಚಿಗೆ ಹಾಕದೆ ಅಂಗಿಯ ಜೇಬಿಗೆ ಹಾಕಿಕೊಂಡ.